ನೇರ ರಸ್ತೆಯ ಟೈರು, ಸಂಡೂರಿನ ತಿರುವು

ಬಳ್ಳಾರಿಯಿಂದ ಸಿರುಗುಪ್ಪ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿಗೆ ಹೋಗುವ ದಾರಿಯಲ್ಲಿ ಬೈಕನ್ನು ವಾಲಿಸುವ ಪ್ರಸಂಗ ಬರುವುದೇ ಕಡಿಮೆ. ಎರಡೂ ಕಡೆ ಎರೆಹೊಲ, ಕಾಲುವೆ, ಭತ್ತದ ಗದ್ದೆ. ರಸ್ತೆ ಬಹುಪಾಲು ನೇರ. ಕೆಲಸದ ಮೇಲೆ ನಾಲ್ಕು ವರ್ಷ ಇದೇ ದಾರಿಯಲ್ಲಿ ನನ್ನ ಸ್ಪೋರ್ಟ್ಸ್ ಬೈಕು ಓಡಿಸಿದೆ. ಹಿಂದಿನ ಟೈರಿನಲ್ಲಿ ಇನ್ನೂ ಗೆರೆ ಇತ್ತು, ಹಾಗಾಗಿ ಬದಲಿಸಬೇಕು ಅನ್ನಿಸಲಿಲ್ಲ.

ಒಂದು ಭಾನುವಾರ ಸಂಡೂರಿಗೆ ಹೋದೆ. ಕುಮಾರಸ್ವಾಮಿ ಗುಡಿಗೆ ಹತ್ತುವ ಬೆಟ್ಟದ ತಿರುವಿನಲ್ಲಿ ಬೈಕು ಮೊದಲು ವಾಲಲು ಒಪ್ಪಲಿಲ್ಲ. ಒತ್ತಿ ವಾಲಿಸಿದರೆ ಒಮ್ಮೆಲೇ ಧಪ್ಪನೆ ಬಿತ್ತು. ಹಿಂದಿನ ಚಕ್ರ ಜಾರಿತು. ಮೊಣಕೈ ತರಚಿತು, ಪುಣ್ಯಕ್ಕೆ ಎದುರಿಗೆ ಅದಿರಿನ ಲಾರಿ ಇರಲಿಲ್ಲ. ಬೈಕು ಎತ್ತಿ ನಿಲ್ಲಿಸಿ ಟೈರಿನ ಮೇಲೆ ಅಂಗೈ ಅಡ್ಡ ಆಡಿಸಿದೆ. ನಡುವೆ ಮಣೆಯ ಹಾಗೆ ಚಪ್ಪಟೆ. ಎರಡೂ ಕಡೆ ಕೈಗೆ ತಗಲುವ ಏಣು.

ಕಾರಿನ ಟೈರು ಚಪ್ಪಟೆಯಾಗಿಯೇ ಇರುತ್ತದೆ, ಯಾಕೆಂದರೆ ಕಾರು ವಾಲುವುದಿಲ್ಲ. ಬೈಕಿನ ಟೈರು ಕಮಾನಿನ ಹಾಗೆ ದುಂಡಗಿರುತ್ತದೆ. ವಾಲಿದಂತೆಲ್ಲ ಅದು ನಡುವಿನಿಂದ ಅಂಚಿನ ಕಡೆಗೆ ಹಂತ ಹಂತವಾಗಿ ಹೊರಳಬೇಕು. ನೇರ ರಸ್ತೆಯಲ್ಲೇ ಓಡಿದ ಟೈರಿನಲ್ಲಿ ನಡುವಿನ ರಬ್ಬರು ಮಾತ್ರ ಸವೆಯುತ್ತದೆ. ಆಗ ವಾಲುವುದೆಂದರೆ ಮೆಟ್ಟಿಲಿನ ಅಂಚು ದಾಟಿದ ಹಾಗೆ. ಗೆರೆ ಎಷ್ಟು ಆಳ ಇದೆ ಅಂತ ಎಲ್ಲರೂ ನೋಡುತ್ತೇವೆ. ಟೈರು ಇನ್ನೂ ದುಂಡಗಿದೆಯಾ ಅಂತ ನೋಡುವವರು ಕಡಿಮೆ.

ತಿರುವಿನಲ್ಲಿ ಟೈರಿನ ಮೇಲೆ ಎಷ್ಟು ಹೊಣೆ ಬೀಳುತ್ತದೆ ಎಂದು ಲೆಕ್ಕ ಹಾಕಬಹುದು. 50 ಮೀಟರ್ ತ್ರಿಜ್ಯದ ತಿರುವು ಅಂದುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗಕ್ಕೆ ಬೈಕು ಸುಮಾರು 30 ಡಿಗ್ರಿ ವಾಲಬೇಕು. 80 ಕಿ.ಮೀ.ಗೆ 45 ಡಿಗ್ರಿ. ವೇಗ ಹೆಚ್ಚಿದ್ದು ಮೂರರಲ್ಲಿ ಒಂದು ಪಾಲು. ಆದರೆ ಟೈರು ರಸ್ತೆಯನ್ನು ಅಡ್ಡಕ್ಕೆ ಹಿಡಿಯಬೇಕಾದ ಬಲ ಸುಮಾರು 1.8 ಪಟ್ಟು ಆಯಿತು. 45 ಡಿಗ್ರಿಯಲ್ಲಿ ಆ ಬಲ ಬೈಕು ಮತ್ತು ಸವಾರನ ಪೂರ್ತಿ ತೂಕಕ್ಕೆ ಸಮ.

ಮೊಣಕೈ ವಾಸಿಯಾದ ಮೇಲೆ ಹೊಸ ಟೈರಿಗೆ ಹೊರಟೆ. ಅಕ್ಕನ ಮಗ ಜೊತೆಗೆ ಬಂದ. ಅವನಿಗೂ ನನ್ನಂಥದ್ದೇ ಬೈಕು. "ಮಾಮಾ, ಹಿಂದ 140 ಯಾಕ? 150 ಹಾಕಿಸೋಣು. ದಪ್ಪ ಇದ್ರ ಗ್ರಿಪ್ ಜಾಸ್ತಿ ಅಲ್ವಾ?" ಅಂದ. 140, 150 ಅಂದರೆ ಮಿ.ಮೀ. ಲೆಕ್ಕದಲ್ಲಿ ಟೈರಿನ ಅಗಲ. ಈ ಪ್ರಶ್ನೆ ಅವನೊಬ್ಬನದ್ದಲ್ಲ.

ಬೈಕು ಮತ್ತು ಸವಾರ ಸೇರಿ ಸುಮಾರು 210 ಕೆ.ಜಿ. ಅದರಲ್ಲಿ 110 ಕೆ.ಜಿ. ಹಿಂದಿನ ಚಕ್ರದ ಮೇಲೆ ಅನ್ನೋಣ. ಈ ಭಾರವನ್ನು ಹೊರುವುದು ಮುಖ್ಯವಾಗಿ ಒಳಗಿನ ಗಾಳಿ. 32 ಪಿಎಸ್‌ಐ ಒತ್ತಡದ ಗಾಳಿ ಅಂದರೆ ಒಂದೊಂದು ಚದರ ಸೆಂ.ಮೀ. ಜಾಗವೂ ಸುಮಾರು 2.25 ಕೆ.ಜಿ. ಹೊರುತ್ತದೆ. ಭಾಗಿಸಿದರೆ ಟೈರು ನೆಲ ಮುಟ್ಟುವ ಜಾಗ ಸುಮಾರು 50 ಚದರ ಸೆಂ.ಮೀ. ಅಷ್ಟೇ, 7 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲ. ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲೂ ಬರಲಿಲ್ಲ, ನೋಡಿ. ಅಗಲದ ಟೈರು ಹಾಕಿದರೆ ನೆಲ ಮುಟ್ಟುವ ಜಾಗದ ಆಕಾರ ಬದಲಾಗುತ್ತದೆ. ಅಡ್ಡಕ್ಕೆ ಹೆಚ್ಚು, ಉದ್ದಕ್ಕೆ ಕಡಿಮೆ. ಒಟ್ಟು ಜಾಗ ಹೆಚ್ಚುಕಡಿಮೆ ಅಷ್ಟೇ.

ನಷ್ಟಗಳೂ ಇವೆ. ಅದೇ ರಿಮ್ಮಿಗೆ ಅಗಲದ ಟೈರು ಕೂರಿಸಿದರೆ ಅದರ ಎರಡೂ ಬದಿ ಒಳಕ್ಕೆ ಹಿಸುಕಿಕೊಂಡು ಮೇಲಿನ ಕಮಾನು ಚೂಪಾಗುತ್ತದೆ. ಕಂಪನಿ ಲೆಕ್ಕ ಹಾಕಿ ಕೊಟ್ಟ ಆಕಾರವೇ ಹೋಯಿತು. ಅದೇ ತಿರುವು, ಅದೇ ವೇಗಕ್ಕೆ ಅಗಲದ ಟೈರಿನ ಬೈಕು ಇನ್ನಷ್ಟು ವಾಲಬೇಕಾಗುತ್ತದೆ. ಟೈರಿನ ಅಳತೆಯಲ್ಲಿ ಗೆರೆಯ ಆಚೆಗಿನ ಸಂಖ್ಯೆ, ಎತ್ತರ ಅಗಲದ ಶೇಕಡಾ ಎಷ್ಟು ಅನ್ನುವುದು. 140/70ರ ಬದಲು 150/60 ಹಾಕಿದರೆ ಚಕ್ರದ ವ್ಯಾಸ ಸುಮಾರು 16 ಮಿ.ಮೀ. ಕಮ್ಮಿ. ಬೈಕಿನ ಹಿಂಭಾಗ 8 ಮಿ.ಮೀ. ಕೆಳಗಿಳಿದು, ತಿರುವಿಗೆ ಚುರುಕಾಗಿ ಇಳಿಯುವ ಗುಣ ಸ್ವಲ್ಪ ಮಂಕಾಗುತ್ತದೆ.

ಹಾಗಾದರೆ ಗ್ರಿಪ್ ಬರುವುದು ಎಲ್ಲಿಂದ? ರಬ್ಬರಿನಿಂದ, ಮತ್ತು ಅದರ ಬಿಸಿಯಿಂದ.

ನಮ್ಮ ಕಡೆ ಜೋಳದ ರೊಟ್ಟಿ ಮಾಡುವವರಿಗೆ ಇದನ್ನು ಹೇಳುವುದು ಸುಲಭ. ತಣ್ಣೀರಲ್ಲಿ ಕಲಸಿದರೆ ಜೋಳದ ಹಿಟ್ಟಿಗೆ ಜಿಗಿ ಬರುವುದಿಲ್ಲ, ತಟ್ಟುವಾಗ ಅಂಚು ಬಿರಿಯುತ್ತದೆ. ಕುದಿಯುವ ನೀರು ಹಾಕಿ ನಾದಿದರೆ ಹಿಡಿತ ಬರುತ್ತದೆ. ನೀರು ಜಾಸ್ತಿಯಾದರೆ ಕೈಗೆ ಮೆತ್ತಿಕೊಳ್ಳುತ್ತದೆ. ರಬ್ಬರಿನ ಕಾರಣ ಬೇರೆ, ಸ್ವಭಾವ ಮಾತ್ರ ಹಾಗೆಯೇ. ತಣ್ಣಗಿದ್ದರೆ ಬಿರುಸು, ಹದವಾಗಿ ಬಿಸಿಯಾದರೆ ಹಿಡಿತ, ಮಿತಿ ಮೀರಿದರೆ ಮೆತ್ತಗಾಗಿ ಕಿತ್ತು ಬರುತ್ತದೆ.

ರಬ್ಬರು ರಸ್ತೆಯನ್ನು ಎರಡು ರೀತಿಯಲ್ಲಿ ಹಿಡಿಯುತ್ತದೆ. ಒಂದು, ಅಂಟು. ರಬ್ಬರಿನ ಅಣುಗಳು ಕಲ್ಲಿನ ಮೇಲ್ಮೈಗೆ ಕ್ಷಣಕಾಲ ಅಂಟಿ ಬಿಡುತ್ತವೆ. ಇನ್ನೊಂದು, ಡಾಂಬರಿನ ಜಲ್ಲಿಯ ಉಬ್ಬುತಗ್ಗುಗಳಿಗೆ ರಬ್ಬರು ಒತ್ತಿಕೊಂಡು, ಮತ್ತೆ ಮೊದಲಿನ ಆಕಾರಕ್ಕೆ ನಿಧಾನವಾಗಿ ಮರಳುವುದು. ಆ ನಿಧಾನದಲ್ಲೇ ಹಿಡಿತ ಇದೆ. ಸ್ಪ್ರಿಂಗಿನ ಹಾಗೆ ಥಟ್ಟನೆ ಪುಟಿದರೆ ಜಲ್ಲಿ ಕೊಟ್ಟ ಶಕ್ತಿಯನ್ನೆಲ್ಲ ವಾಪಸು ಕೊಟ್ಟುಬಿಡುತ್ತಿತ್ತು. ನಿಧಾನವಾಗಿ ಮರಳುವುದರಿಂದ ಒಂದಿಷ್ಟು ಶಕ್ತಿ ಶಾಖವಾಗಿ ಉಳಿಯುತ್ತದೆ, ಜಾರುವಿಕೆಗೆ ತಡೆ ಸಿಗುತ್ತದೆ. ಮಳೆಯಲ್ಲಿ ನೀರಿನ ಪದರ ಅಡ್ಡ ಬಂದು ಮೊದಲನೆಯದು ಬಹಳಷ್ಟು ಹೋಗುತ್ತದೆ. ಎರಡನೆಯದು ಉಳಿಯುತ್ತದೆ. ಅದಕ್ಕೇ 1990ರ ದಶಕದಿಂದ ಟೈರಿನ ರಬ್ಬರಿಗೆ ಸಿಲಿಕಾ ಬೆರೆಸುವುದು ಹೆಚ್ಚಿತು. ಮರಳಲ್ಲಿರುವ ವಸ್ತುವೇ ಅದು, ಬಹಳ ನುಣುಪಾದ ಪುಡಿಯ ರೂಪದಲ್ಲಿ. ಒದ್ದೆ ರಸ್ತೆಯಲ್ಲಿ ಹಿಡಿತ ಚೆನ್ನಾಗಿ ಕೊಡುತ್ತದೆ.

ಇಷ್ಟು ತಿಳಿದರೆ ರೇಸಿನ ಟೈರು ನಮಗೆ ಯಾಕೆ ಬೇಡ ಅನ್ನುವುದು ಗೊತ್ತಾಗುತ್ತದೆ. ಅದರ ರಬ್ಬರು ಹದಕ್ಕೆ ಬರುವುದು ಸುಮಾರು 80 ಡಿಗ್ರಿ ದಾಟಿದ ಮೇಲೆ. ರೇಸಿಗೆ ಮುಂಚೆ ಅದಕ್ಕೆ ಕಂಬಳಿಯಂಥ ಹೀಟರ್ ಸುತ್ತಿ ಕಾಯಿಸುತ್ತಾರೆ. ನಮ್ಮ ಮೇ ತಿಂಗಳ ಡಾಂಬರು ಕಾದಿರುತ್ತದೆ, ನಿಜ. ಆದರೆ ಡಿಸೆಂಬರಿನ ಬೆಳಗಿನ ಆರು ಗಂಟೆಗೆ, ಜುಲೈ ಮಳೆಯಲ್ಲಿ ಆ ಟೈರು ಬಿರುಸಾಗಿಯೇ ಇರುತ್ತದೆ. ಮೃದು ರಬ್ಬರಾದ್ದರಿಂದ ನಮ್ಮ ನೇರ ರಸ್ತೆಯಲ್ಲಿ ನಡುಭಾಗ ಬೇಗ ಸವೆದೂ ಹೋಗುತ್ತದೆ. ನಮಗೆ ಹೊಂದುವುದು ಸ್ಪೋರ್ಟ್ ಟೂರಿಂಗ್ ಎಂಬ ಜಾತಿಯ ಟೈರು. ಅದರಲ್ಲೂ ನಡುವೆ ಗಟ್ಟಿ ರಬ್ಬರು, ಎರಡೂ ಅಂಚಿಗೆ ಮೃದು ರಬ್ಬರು ಇರುವುದು. ನಡು ತಾಳುತ್ತದೆ, ತಿರುವಿನಲ್ಲಿ ಅಂಚು ಹಿಡಿಯುತ್ತದೆ. ಇದು ಕೀಳು ಆಯ್ಕೆಯೇನಲ್ಲ. ಟಿವಿಎಸ್ ಅಪಾಚೆ ಆರ್‌ಆರ್ 310ರಂಥ ಸ್ಪೋರ್ಟ್ಸ್ ಬೈಕಿಗೆ 2020ರಲ್ಲಿ ಕಂಪನಿಯೇ ಹಾಕಿಕೊಟ್ಟದ್ದು ಮಿಶೆಲಿನ್ ರೋಡ್ 5 ಎಂಬ ಸ್ಪೋರ್ಟ್ ಟೂರಿಂಗ್ ಟೈರು.

ಬಿಸಿಯ ಮಾತು ಬಂದಾಗ ಗಾಳಿಯ ಬಗ್ಗೆ ಹೇಳಲೇಬೇಕು. ಬೇಸಿಗೆ ಬಂತೆಂದರೆ "ಬಿಸಿಲಿಗೆ ಟೈರು ಸಿಡಿಯುತ್ತೆ" ಅಂತ ಸುಮ್ನೆ ಗಾಳಿ ಇಳಿಸುವ ಪದ್ಧತಿ ನಮ್ಮಲ್ಲಿದೆ. ನನಗೆ ಇದು ತುಂಬಾ ಕಳವಳ ತರುವ ವಿಷಯ. ಬೆಳಿಗ್ಗೆ 28 ಡಿಗ್ರಿ ಇದ್ದಾಗ 32 ಪಿಎಸ್‌ಐ ಹಾಕಿಸಿದಿರಿ. ಮಧ್ಯಾಹ್ನ ಓಡಿ ಓಡಿ ಟೈರಿನೊಳಗೆ 65 ಡಿಗ್ರಿ ಆದರೆ ಒತ್ತಡ 37 ದಾಟುತ್ತದೆ. ಇದು ತಯಾರಿಸುವವರಿಗೆ ಗೊತ್ತಿರುವ ಏರಿಕೆ, ಟೈರು ಅದನ್ನು ತಾಳುತ್ತದೆ. ಆಗ ಹೆದರಿ 32ಕ್ಕೆ ಇಳಿಸಿದರೆ ಮರುದಿನ ಬೆಳಿಗ್ಗೆ ತಣ್ಣಗಿನ ಟೈರಿನಲ್ಲಿ ಉಳಿಯುವುದು 27 ಮಾತ್ರ. ಗಾಳಿ ಕಡಿಮೆಯಾದ ಟೈರು ಸುತ್ತುವಾಗ ಪ್ರತಿ ಸಲವೂ ಹೆಚ್ಚು ಮಡಚಿ ಬಿಚ್ಚುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುತ್ತದಲ್ಲ, ಹಾಗೆ ಇದೂ ಕಾಯುತ್ತದೆ. ಸಿಡಿಯಬಾರದು ಅಂತ ಮಾಡಿದ ಕೆಲಸವೇ ಟೈರನ್ನು ಇನ್ನಷ್ಟು ಕಾಯಿಸುತ್ತದೆ. ಬೆಳಿಗ್ಗೆ, ಬೈಕು ಓಡಿಸುವ ಮುಂಚೆ, ಕಂಪನಿ ಹೇಳಿದಷ್ಟು ಗಾಳಿ ನೋಡಿಕೊಳ್ಳಿ. ಮಧ್ಯಾಹ್ನ ಕೈ ಹಾಕಬೇಡಿ.

ಅಂಗಡಿಯಲ್ಲಿ ಬದಿಯ ಬರಹ ಓದಿದೆವು. 140/70 ಆರ್ 17, 66 ಎಚ್. 140 ಮಿ.ಮೀ. ಅಗಲ, ಅದರ ಶೇ. 70ರಷ್ಟು ಎತ್ತರ, ರೇಡಿಯಲ್ ಕಟ್ಟು (ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ಅಡ್ಡ ನೇರವಾಗಿ ಹೋಗುವುದು), 17 ಇಂಚಿನ ರಿಮ್. 66 ಅಂದರೆ 300 ಕೆ.ಜಿ. ಹೊರುತ್ತದೆ, ಎಚ್ ಅಂದರೆ ಗಂಟೆಗೆ 210 ಕಿ.ಮೀ. ವರೆಗೆ ತಾಳುತ್ತದೆ. ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕೆಯ ಸಂಖ್ಯೆ ಬೇರೆ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಅಂಗಡಿ ಮುಂದೆ ಬಿಸಿಲಲ್ಲಿ ತೂಗುಹಾಕಿದ ಟೈರು ಎಷ್ಟೇ ಹೊಸದಾಗಿ ಕಂಡರೂ ಬೇಡ ಅನ್ನಿ. ಆಮ್ಲಜನಕ, ಓಝೋನ್ ಮತ್ತು ಬಿಸಿಲು ಸೇರಿ ಓಡದ ಟೈರನ್ನೂ ಬಿರುಸು ಮಾಡುತ್ತವೆ.

ಇಷ್ಟೆಲ್ಲ ನೋಡಿ ತಂದ ಟೈರಿಗೂ ಕೈಯಲ್ಲಾಗದ ಜಾಗಗಳು ನಮ್ಮಲ್ಲಿವೆ. ಸುಗ್ಗಿಯಲ್ಲಿ ಸಿಂಧನೂರು, ಗಂಗಾವತಿ ಕಡೆ ರಸ್ತೆ ಮೇಲೆ ಭತ್ತ ಒಣಹಾಕಿರುತ್ತಾರೆ. ಕಾಳಿನ ಮೇಲೆ ಚಕ್ರ ಹೋದರೆ ರಬ್ಬರು ಡಾಂಬರನ್ನು ಮುಟ್ಟುವುದೇ ಇಲ್ಲ, ಕಾಳು ಬೇರಿಂಗ್ ಗುಂಡಿನ ಹಾಗೆ ಉರುಳುತ್ತದೆ. ಸಂಡೂರಿನಲ್ಲಿ ಅದಿರಿನ ಕೆಂಪು ಧೂಳು ಮೊದಲ ಮಳೆಗೆ ರಾಡಿಯಾಗುತ್ತದೆ. ಗದ್ದೆಯಿಂದ ಬಂದ ಟ್ರ್ಯಾಕ್ಟರ್ ಎರೆಮಣ್ಣಿನ ಹೆಂಟೆ ಉದುರಿಸಿ ಹೋಗಿರುತ್ತದೆ. ಇಲ್ಲಿ ಬೈಕು ನೆಟ್ಟಗಿರಬೇಕು, ವೇಗ ಇಳಿದಿರಬೇಕು, ಬ್ರೇಕು ಮೃದುವಾಗಿರಬೇಕು.

ಕೊನೆಗೆ ಇಬ್ಬರೂ 140/70ನ್ನೇ ಹಾಕಿಸಿದೆವು. ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ, ಅಚ್ಚಿನಿಂದ ಬಂದ ಹೊಳಪು ಸವೆಯಬೇಕು. ಮೊದಲ ನೂರೈವತ್ತು ಕಿಲೋಮೀಟರ್ ಗಡಿಬಿಡಿ ಮಾಡದೆ, ಪ್ರತಿದಿನ ಸ್ವಲ್ಪ ಸ್ವಲ್ಪವೇ ಹೆಚ್ಚು ವಾಲಿಸುತ್ತ ಓಡಿಸಿದೆವು. ಎರಡನೇ ಭಾನುವಾರ ಮತ್ತೆ ಸಂಡೂರು. ಅದೇ ತಿರುವಿನಲ್ಲಿ ಬೈಕು ಕೇಳಿದಷ್ಟೇ ವಾಲಿತು, ಎಲ್ಲೂ ಮೆಟ್ಟಿಲು ತಗಲಲಿಲ್ಲ. ಗುಡಿಯ ಹತ್ತಿರ ನಿಲ್ಲಿಸಿ ಹುಡುಗ ತನ್ನ ಟೈರನ್ನು ಮುಟ್ಟಿ ನೋಡಿದ. ಬೆಚ್ಚಗಿತ್ತು. ರಬ್ಬರಿನ ಸಣ್ಣ ಕೂದಲುಗಳು ನಡುವೆ ಪೂರ್ತಿ ಹೋಗಿದ್ದವು, ಅಂಚಿನ ಕಡೆ ಬೆರಳಗಲದಷ್ಟು ಜಾಗದಲ್ಲಿ ಹಾಗೇ ಉಳಿದಿದ್ದವು. "ಇವು ಹೋಗಬೇಕಲ್ಲ ಮಾಮಾ" ಅಂದ. "ಇರಲಿ ಬಿಡು, ಅವು ಅಲ್ಲೇ ಇರಲಿ" ಅಂದೆ.