ಕಟ್ಟಿದವರೇ ಗುಡಿಯನ್ನು ಹೂತರಾ?

ಪ್ರಶ್ನೆ: ಪೆರು ದೇಶದ ಕೊತೋಶ್‌ನಲ್ಲಿ ಸಿಕ್ಕ ಹಳೇ ಗುಡಿಯನ್ನು ಕಟ್ಟಿದ ಜನರೇ ಮುಚ್ಚಿದರು ಅಂತ ಓದಿದೆ. ಶತ್ರುಗಳು ಹಾಳು ಮಾಡಿರಬಹುದಲ್ವಾ?

ಶತ್ರುಗಳಾಗಿದ್ದರೆ ಗುಡಿಯ ಗೋಡೆಯಲ್ಲಿರುವ ಮಣ್ಣಿನ ಕೈಗಳು ಉಳಿಯುತ್ತಿರಲಿಲ್ಲ.

ಕೊತೋಶ್ ಇರುವುದು ಆಂಡಿಸ್ ಬೆಟ್ಟಗಳ ನಡುವಿನ ಕಣಿವೆಯಲ್ಲಿ, ವಾನುಕೋ ಊರಿನ ಹತ್ತಿರ. 1960ರಲ್ಲಿ ಸೇಯಿಚಿ ಇಝುಮಿ ನೇತೃತ್ವದ ಟೋಕಿಯೋ ವಿಶ್ವವಿದ್ಯಾಲಯದ ತಂಡ ಇಲ್ಲಿನ ದಿಬ್ಬವನ್ನು ಅಗೆಯಿತು. ಸುಮಾರು 4,000 ವರ್ಷ ಹಳೇ ಗುಡಿ ಸಿಕ್ಕಿತು, ಒಂದೊಂದು ಬದಿ ಸುಮಾರು 9 ಮೀಟರ್. ಕಟ್ಟಿದ ಜನಕ್ಕೆ ಆಗಿನ್ನೂ ಮಡಕೆ ಮಾಡುವುದೇ ಗೊತ್ತಿರಲಿಲ್ಲ!

ಗೋಡೆಯಲ್ಲಿ ನಮ್ಮ ಹಳೇ ಮನೆಗಳ ದೀಪದ ಗೂಡಿನಂಥ ಗೂಡುಗಳಿವೆ. ಎರಡು ಗೂಡುಗಳ ಕೆಳಗೆ ಮಣ್ಣಿನಲ್ಲಿ ಮೆತ್ತಿ ಮಾಡಿದ, ಒಂದರ ಮೇಲೊಂದು ಅಡ್ಡ ಇಟ್ಟ ಕೈಗಳು. ಒಂದು ಜೋಡಿ ಕೊಂಚ ಚಿಕ್ಕದು, ಹೆಣ್ಣಿನದಿರಬೇಕು ಅಂತಾರೆ. ಗುಡಿಗೆ ಕಲ್ಲುಮಣ್ಣು ತುಂಬುವ ಮುಂಚೆ ಯಾರೋ ಈ ಕೈಗಳಿಗೆ ಪೆಟ್ಟಾಗದಿರಲಿ ಅಂತ ನುಣ್ಣನೆ ಮರಳು ಹಾಕಿದ್ದರು. ಒಡೆಯಲು ಬಂದವರು ಇಷ್ಟು ಜೋಪಾನ ಮಾಡ್ತಾರಾ? ಆಮೇಲೆ ಅದರ ಮೇಲೆಯೇ ಹೊಸ ಗುಡಿ ಎದ್ದಿತು.

ಹಳೇ ಗುಡಿಯ ಒಳಗೆ ನಡುವೆ ತಗ್ಗು, ಸುತ್ತ ಜಗಲಿ. ತಗ್ಗಿನ ಮಧ್ಯೆ ಬೆಂಕಿಗುಂಡಿ. ಹೊರಗಿನ ಗಾಳಿ ಬೆಂಕಿಗೆ ತಲುಪಲಿ ಅಂತ ನೆಲದಡಿ ಕೊಳವೆಯಂಥ ದಾರಿ. ಇದೇ ಮಾದರಿಯ ಕೋಣೆಗಳು ಬೇರೆ ಕಣಿವೆಯ ಲಾ ಗಾಲ್ಗಾಡಾದಲ್ಲೂ ಇವೆ. ಅಲ್ಲಿನ ಬೆಂಕಿಗುಂಡಿಯಲ್ಲಿ ಮೆಣಸಿನಕಾಯಿ ಬೀಜ ಸಿಕ್ಕಿವೆ. ಚಿಕ್ಕ ಕೋಣೆ, ಬೆಂಕಿಗೆ ಬಿದ್ದ ಮೆಣಸಿನಕಾಯಿ! ದೃಷ್ಟಿ ತೆಗೆದ ಮನೆಯಲ್ಲಿ ಕೆಮ್ಮಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ. (ಮೆಣಸಿನಕಾಯಿ ನಮಗೆ ಬಂದಿದ್ದೂ ಅಮೆರಿಕ ಖಂಡದಿಂದಲೇ, ಪೋರ್ಚುಗೀಸರ ಕೈಯಲ್ಲಿ.)

ಹಾಗಾದರೆ ಯಾಕೆ ಹೂತರು? ಅವರು ಬರೆದಿಟ್ಟಿಲ್ಲ, ಬರವಣಿಗೆಯೇ ಇರಲಿಲ್ಲ. ಯೋಶಿಯೋ ಒನುಕಿ ಮುಂತಾದ ಜಪಾನಿ ಸಂಶೋಧಕರ ಪ್ರಕಾರ, ಮುಚ್ಚಿ ಮತ್ತೆ ಕಟ್ಟುವುದೇ ಒಂದು ಆಚರಣೆ. ಪ್ರತಿ ಸಲವೂ ಜನ ಸೇರಬೇಕು, ಕಲ್ಲು ಹೊರಬೇಕು, ಊಟ ಹೊಂದಿಸಬೇಕು. ಸಮಾಜ ದೊಡ್ಡದಾದ ಮೇಲೆ ಗುಡಿ ಕಟ್ಟಿದ್ದಲ್ಲ, ಗುಡಿ ಕಟ್ಟುತ್ತಾ ಕಟ್ಟುತ್ತಾ ಸಮಾಜ ಬೆಳೆಯಿತು ಅನ್ನುವುದು ಅವರ ವಾದ. ನನಗೂ ಅದೇ ಸರಿ ಅನಿಸುತ್ತೆ. ಆದರೆ ಸುಮ್ನೆ ಕೆಲಸದ ಲೆಕ್ಕ ಹಾಕಿದರೆ, ಕೈಗಳಿಗೆ ಅಷ್ಟು ಜೋಪಾನವಾಗಿ ಮರಳು ಯಾಕೆ ಹಾಕಿದರು ಅನ್ನುವುದಕ್ಕೆ ಉತ್ತರ ಸಿಗಲ್ಲ. ಗುಡಿ ಮುಚ್ಚುವುದು ಅವರಿಗೆ ತಮ್ಮವರನ್ನು ಮಣ್ಣು ಮಾಡಿದಂತೆಯೇ ಇತ್ತೇನೋ. ಲಾ ಗಾಲ್ಗಾಡಾದಲ್ಲಿ ಹಳೇ ಕೋಣೆಗಳನ್ನು ಮುಚ್ಚುವಾಗ ಅವುಗಳೊಳಗೆ ತಮ್ಮವರ ಹೆಣಗಳನ್ನೂ ಇಡುತ್ತಿದ್ದರು.