ಲ್ವೂಫ್‌ನಿಂದ ಮಿನಿಯಾಪೊಲಿಸ್‌ಗೆ: ಸ್ಕ್ರೊವಾಚೆವ್ಸ್ಕಿ ಮತ್ತು ಒಂದು ಆರ್ಕೆಸ್ಟ್ರಾ

2012ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಿನ್ನೆಸೋಟ ಆರ್ಕೆಸ್ಟ್ರಾದ (ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ವಾದ್ಯವೃಂದ) ಆಡಳಿತ ಮಂಡಳಿ ಲಾಕೌಟ್ ಘೋಷಿಸಿ ವಾದಕರನ್ನು ಹೊರಗಿಟ್ಟಿತು. ವಾದಕರು ಮೂಲ ಸಂಬಳದಲ್ಲಿ ಸುಮಾರು ಮೂರನೇ ಒಂದು ಭಾಗ ಬಿಟ್ಟುಕೊಡಬೇಕು ಅನ್ನೋದು ಮಂಡಳಿಯ ಪಟ್ಟು. ವಾದಕರು ಒಪ್ಪಲಿಲ್ಲ. ಅದೇ ತಿಂಗಳು ಅವರು ತಾವೇ ಸೇರಿ ಮಿನಿಯಾಪೊಲಿಸ್ ನಗರದ ಕನ್ವೆನ್ಷನ್ ಸೆಂಟರ್‌ನಲ್ಲಿ ಒಂದು ಸಂಗೀತ ಕಚೇರಿ ಏರ್ಪಡಿಸಿದರು. ಅದನ್ನು ನಡೆಸಿಕೊಟ್ಟವರು ಪೋಲೆಂಡ್ ಮೂಲದ ಸ್ಟಾನಿಸ್ವಾಫ್ ಸ್ಕ್ರೊವಾಚೆವ್ಸ್ಕಿ. ಆಗಷ್ಟೇ ಅವರಿಗೆ 89 ತುಂಬಿತ್ತು. ಅಲ್ಲಿನ ಸಂಗೀತ ನಿರ್ದೇಶಕರ ಹುದ್ದೆ ಬಿಟ್ಟು 33 ವರ್ಷ ಕಳೆದಿತ್ತು.

ಆ ವಯಸ್ಸಿನ ಹಿರಿಯರು ಇಂಥ ಜಗಳದಿಂದ ದೂರ ಉಳಿದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ದೂರ ಉಳಿಯಲಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಅವರ ವೃತ್ತಿಬದುಕನ್ನು ಮೊದಲಿನಿಂದ ನೋಡಬೇಕು.

ಸ್ಕ್ರೊವಾಚೆವ್ಸ್ಕಿ ಹುಟ್ಟಿದ್ದು 1923ರ ಅಕ್ಟೋಬರ್ 3ರಂದು, ಲ್ವೂಫ್‌ನಲ್ಲಿ. ಆಗ ಅದು ಪೋಲೆಂಡ್‌ನ ಊರು. ಇವತ್ತು ಉಕ್ರೇನ್‌ನ ಲ್ವಿವ್. ಹುಡುಗನ ಪ್ರತಿಭೆ ಎಲ್ಲರಿಗೂ ಬೇಗ ಗೊತ್ತಾಯಿತು. ಏಳರ ಹೊತ್ತಿಗೆ ಆರ್ಕೆಸ್ಟ್ರಾಕ್ಕೆ ಸಂಗೀತ ಬರೆದಿದ್ದ. ಹನ್ನೊಂದಕ್ಕೆ ಪಿಯಾನೊ ಕಚೇರಿ ಕೊಟ್ಟ. ಹದಿಮೂರಕ್ಕೆ ಬೀಥೋವನ್‌ನ ಮೂರನೇ ಪಿಯಾನೊ ಕಾನ್ಸರ್ಟೊ (ಒಂದು ವಾದ್ಯ ಮುಂದೆ ನಿಂತು ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ) ನುಡಿಸಿದ. ಅದರಲ್ಲಿ ಪಿಯಾನೊ ಭಾಗವೂ ಅವನದೇ, ಆರ್ಕೆಸ್ಟ್ರಾವನ್ನು ನಡೆಸಿದ್ದೂ ಅವನೇ.

1939ರಲ್ಲಿ ಊರು ಸೋವಿಯತ್ ಸೇನೆಯ ವಶವಾಯಿತು. 1941ರಲ್ಲಿ ಜರ್ಮನ್ನರು ಬಂದರು. ಆ ವರ್ಷದ ಬಾಂಬ್ ದಾಳಿಯಲ್ಲಿ ಗೋಡೆ ಕುಸಿದು ಸ್ಕ್ರೊವಾಚೆವ್ಸ್ಕಿಯ ಕೈಗಳಿಗೆ ಪೆಟ್ಟಾಯಿತು. ಪಿಯಾನೊ ವಾದಕನಾಗುವ ದಾರಿ ಅಲ್ಲಿಗೇ ಮುಚ್ಚಿತು. ಆ ಗೋಡೆಯೇ ಅವರನ್ನು ಕಂಡಕ್ಟರ್, ಅಂದರೆ ಆರ್ಕೆಸ್ಟ್ರಾ ನಡೆಸುವವರನ್ನಾಗಿ ಮಾಡಿತು ಅಂತ ಹೇಳುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಹದಿಮೂರಕ್ಕೇ ಆರ್ಕೆಸ್ಟ್ರಾ ಮುಂದೆ ನಿಂತವನಿಗೆ ಆ ಹುಚ್ಚು ಮೊದಲೇ ಹತ್ತಿತ್ತು. ಯುದ್ಧ ಕಿತ್ತುಕೊಂಡದ್ದು ಅವರ ಕೈಯಲ್ಲಿದ್ದ ಇನ್ನೊಂದು ವಿದ್ಯೆಯನ್ನು. ಅದನ್ನು ವರ ಅಂತ ಕರೆಯುವುದು ಅನ್ಯಾಯ, ಅಲ್ವಾ?

ಯುದ್ಧ ಮುಗಿದಾಗ ಪೋಲೆಂಡ್‌ನ ಗಡಿಯೇ ಪಶ್ಚಿಮಕ್ಕೆ ಸರಿದಿತ್ತು. ಲ್ವೂಫ್ ಸೋವಿಯತ್ ಉಕ್ರೇನ್‌ಗೆ ಸೇರಿತು. ಅಲ್ಲಿನ ಪೋಲಿಷ್ ಜನ ಮನೆಮಠ ಬಿಟ್ಟು ಹೊರಟರು. ಸ್ಕ್ರೊವಾಚೆವ್ಸ್ಕಿ ಕ್ರಾಕೂಫ್‌ಗೆ ಬಂದು ಓದು ಮುಂದುವರಿಸಿದರು. 1946ರಲ್ಲಿ ವ್ರೊತ್ಸ್‌ವಾಫ್‌ನ ಆರ್ಕೆಸ್ಟ್ರಾದಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿತು. ವ್ರೊತ್ಸ್‌ವಾಫ್ ಒಂದು ವರ್ಷದ ಹಿಂದಿನವರೆಗೂ ಜರ್ಮನಿಯ ಬ್ರೆಸ್ಲಾವ್ ಆಗಿತ್ತು. ಜರ್ಮನ್ನರು ಊರು ಬಿಡುತ್ತಿದ್ದರು, ಲ್ವೂಫ್‌ನಿಂದ ಬಂದವರು ಅಲ್ಲಿ ನೆಲೆಸುತ್ತಿದ್ದರು. ಊರು ಕಳೆದುಕೊಂಡ ಕಂಡಕ್ಟರ್, ಊರು ಕಳೆದುಕೊಂಡ ಕೇಳುಗರು.

ಮುಂದಿನ ವರ್ಷ ಅವರು ಪ್ಯಾರಿಸ್‌ಗೆ ಹೋದರು. ಅಲ್ಲಿ ನಾದಿಯಾ ಬುಲಾಂಜೆ ಬಳಿ ಸಂಗೀತ ರಚನೆ ಕಲಿತರು. 1949ರಲ್ಲಿ ವಾಪಸ್ ಬಂದಾಗ ಪೋಲೆಂಡ್‌ನ ಹವಾ ಬದಲಾಗಿತ್ತು. ಸಂಗೀತ ಸಾಮಾನ್ಯ ಜನರಿಗೆ ಸುಲಭವಾಗಿ ಅರ್ಥವಾಗಬೇಕು, ಇಲ್ಲದಿದ್ದರೆ ಅದು ಜನವಿರೋಧಿ ಅನ್ನೋದು ಸರ್ಕಾರದ ನೀತಿಯಾಗಿತ್ತು. ಪೋಲೆಂಡ್‌ನ ರಚನಕಾರ ಲುತೊಸ್ವಾವ್ಸ್ಕಿಯ ಮೊದಲ ಸಿಂಫನಿಗೂ (ಇಡೀ ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿ) ಅದೇ ಕಾರಣಕ್ಕೆ ಬಹಿಷ್ಕಾರ ಬಿತ್ತು. ಅಂಥ ದಿನಗಳಲ್ಲಿ ಸ್ಕ್ರೊವಾಚೆವ್ಸ್ಕಿ ಕಾತೊವಿತ್ಸೆ, ಕ್ರಾಕೂಫ್, ವಾರ್ಸಾ ಆರ್ಕೆಸ್ಟ್ರಾಗಳನ್ನು ಒಂದಾದ ಮೇಲೊಂದರಂತೆ ನಡೆಸಿದರು. 1956ರಲ್ಲಿ ರೋಮ್‌ನ ಕಂಡಕ್ಟರ್‌ಗಳ ಸ್ಪರ್ಧೆಯಲ್ಲಿ ಗೆದ್ದರು. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾದ ನಿರ್ದೇಶಕ ಜಾರ್ಜ್ ಸೆಲ್, ಸ್ಕ್ರೊವಾಚೆವ್ಸ್ಕಿಯನ್ನು ಅಲ್ಲಿಗೆ ಅತಿಥಿಯಾಗಿ ಕರೆದರು. ಎರಡೇ ವರ್ಷದಲ್ಲಿ ಮಿನಿಯಾಪೊಲಿಸ್ ಸಿಂಫನಿ ಅವರನ್ನು ಸಂಗೀತ ನಿರ್ದೇಶಕರನ್ನಾಗಿ ಆರಿಸಿತು. ಆಂತಾಲ್ ಡೊರಾಟಿ ಬಿಟ್ಟ ಜಾಗ ಅದು.

ಸಂಗೀತ ನಿರ್ದೇಶಕ ಅಂದರೆ ಕೈಯಲ್ಲಿ ಕೋಲು ಹಿಡಿದು ತಾಳ ತೋರಿಸುವವರು ಮಾತ್ರ ಅಲ್ಲ. ವರ್ಷವಿಡೀ ಏನು ನುಡಿಸಬೇಕು, ಖಾಲಿ ಜಾಗಕ್ಕೆ ಯಾವ ವಾದಕ ಬೇಕು, ಯಾವ ಹೊಸ ಸಂಗೀತವನ್ನು ಜನರ ಮುಂದೆ ಇಡಬೇಕು ಅನ್ನೋದರಲ್ಲೆಲ್ಲ ಅವರ ಮಾತು ನಡೆಯುತ್ತದೆ. ಸ್ಕ್ರೊವಾಚೆವ್ಸ್ಕಿ ಈ ಕೆಲಸವನ್ನು 19 ವರ್ಷ ಮಾಡಿದರು. ಪೋಲೆಂಡ್‌ನ ರಚನಕಾರ ಪೆಂಡೆರೆಟ್ಸ್ಕಿಯ ‘ಸಂತ ಲೂಕನ ಪ್ಯಾಶನ್’ (ಯೇಸುವಿನ ಕೊನೆಯ ದಿನಗಳ ಕುರಿತ ಗಾಯನ ಕೃತಿ) ಅಮೆರಿಕದಲ್ಲಿ ಮೊದಲು ಕೇಳಿಸಿದ್ದು ಅಲ್ಲೇ, 1967ರಲ್ಲಿ. ಅದು ಬರೆದು ಎರಡು ವರ್ಷವೂ ಆಗಿರಲಿಲ್ಲ. ಮರುವರ್ಷ ಆರ್ಕೆಸ್ಟ್ರಾದ ಹೆಸರು ಮಿನ್ನೆಸೋಟ ಆರ್ಕೆಸ್ಟ್ರಾ ಎಂದಾಯಿತು.

ಅವರ ದೊಡ್ಡ ಹೋರಾಟ ಮಾತ್ರ ಒಂದು ಕಟ್ಟಡಕ್ಕಾಗಿ. ಆರ್ಕೆಸ್ಟ್ರಾ ಆಗ ನುಡಿಸುತ್ತಿದ್ದದ್ದು ವಿಶ್ವವಿದ್ಯಾಲಯದ ನಾರ್ಥ್‌ರಪ್ ಸಭಾಂಗಣದಲ್ಲಿ. ಸುಮಾರು 4,800 ಸೀಟುಗಳ ಜಾಗ. ಅಷ್ಟು ದೊಡ್ಡ ಕಡೆ ಮೆಲುದನಿ ಕಳೆದೇ ಹೋಗುತ್ತದೆ. ವೇದಿಕೆಯ ಮೇಲೆ ವಾದಕರಿಗೆ ಒಬ್ಬರದು ಒಬ್ಬರಿಗೆ ಸರಿಯಾಗಿ ಕೇಳದಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ನಾದ ಹದಕ್ಕೆ ಬರುವುದಿಲ್ಲ. ಸ್ವಂತ ಸಭಾಂಗಣ ಬೇಕು ಅಂತ ಅವರು ವರ್ಷಗಟ್ಟಲೆ ಒತ್ತಾಯಿಸಿದರು. 1974ರಲ್ಲಿ ಆರ್ಕೆಸ್ಟ್ರಾ ಹಾಲ್ ತೆರೆಯಿತು. ಧ್ವನಿತಜ್ಞ ಸಿರಿಲ್ ಹ್ಯಾರಿಸ್ ಅದರ ಚಾವಣಿ ಮತ್ತು ವೇದಿಕೆಯ ಹಿಂಗೋಡೆಗೆ ದೊಡ್ಡ ದೊಡ್ಡ ಘನಾಕೃತಿಗಳನ್ನು ಕೂರಿಸಿದರು. ನಾದ ಅವುಗಳಿಗೆ ಬಡಿದು ನಾನಾ ದಿಕ್ಕಿಗೆ ಚದುರಿ ಕೇಳುಗರನ್ನು ತಲುಪುತ್ತದೆ. ಒಂದು ಊರಿನಲ್ಲಿ ನಾಲ್ಕು ವರ್ಷ ಇದ್ದು ಮುಂದಿನ ಊರಿಗೆ ಹಾರುವ ಕಂಡಕ್ಟರ್‌ಗಳಿಗೆ ಇಂಥದ್ದಕ್ಕೆ ಬೇಕಾದ ತಾಳ್ಮೆ ಇರುವುದು ಕಷ್ಟ. ಅವರ ಧ್ವನಿಮುದ್ರಣಗಳಿಗಿಂತಲೂ ನಾನು ಈ ಸಾಧನೆಯನ್ನು ದೊಡ್ಡದಾಗಿ ಕಾಣುತ್ತೇನೆ.

ಇದಕ್ಕೆ ತೆತ್ತ ಬೆಲೆಯೂ ಇದೆ. ಅವರು ಸ್ವತಃ ಒಳ್ಳೆಯ ಸಂಗೀತ ರಚನಕಾರ. ಆರ್ಕೆಸ್ಟ್ರಾ ನಡೆಸುವ ಕೆಲಸ ಬರೆಯುವ ಸಮಯವನ್ನೆಲ್ಲ ನುಂಗುತ್ತಿತ್ತು. 1969ರಲ್ಲಿ ತಮ್ಮ ಆರ್ಕೆಸ್ಟ್ರಾದ ಥಾಮಸ್ ಸ್ಟೇಸಿಗಾಗಿ ಇಂಗ್ಲಿಷ್ ಹಾರ್ನ್ ಎಂಬ ಊದುವ ವಾದ್ಯಕ್ಕೆ ಕಾನ್ಸರ್ಟೊ ಬರೆದರು. ಜಾಸ್ತಿ ಬರೆಯಲು ಆದದ್ದು 1979ರಲ್ಲಿ ಹುದ್ದೆ ಬಿಟ್ಟ ನಂತರ. 1990ರ ದಶಕದಲ್ಲಿ ಅವರ ಎರಡು ಕೃತಿಗಳು ಪುಲಿಟ್ಜರ್ ಪ್ರಶಸ್ತಿಯ ಅಂತಿಮ ಸುತ್ತಿಗೆ ಬಂದವು.

ಹುದ್ದೆ ಬಿಟ್ಟರೂ ಅವರು ಮಿನಿಯಾಪೊಲಿಸ್ ಬಿಡಲಿಲ್ಲ. 1984ರಿಂದ ಕೆಲವು ವರ್ಷ ಮ್ಯಾಂಚೆಸ್ಟರ್‌ನ ಹ್ಯಾಲೆ ಆರ್ಕೆಸ್ಟ್ರಾದ ಮುಖ್ಯ ಕಂಡಕ್ಟರ್ ಆಗಿದ್ದರು. ಜರ್ಮನಿಯ ಸಾರ್‌ಬ್ರ್ಯೂಕನ್ ರೇಡಿಯೊ ಆರ್ಕೆಸ್ಟ್ರಾ ಜೊತೆ ಆಸ್ಟ್ರಿಯಾದ ರಚನಕಾರ ಬ್ರುಕ್ನರ್‌ನ ಎಲ್ಲ ಸಿಂಫನಿಗಳನ್ನೂ ಧ್ವನಿಮುದ್ರಿಸಿದರು. 2007ರಲ್ಲಿ, 83ರ ವಯಸ್ಸಿನಲ್ಲಿ, ಟೋಕಿಯೊದ ಯೊಮಿಯುರಿ ನಿಪ್ಪಾನ್ ಆರ್ಕೆಸ್ಟ್ರಾದ ಹೊಣೆ ಹೊತ್ತರು. ಎಲ್ಲಿಗೆ ಹೋದರೂ ಮಿನ್ನೆಸೋಟ ಆರ್ಕೆಸ್ಟ್ರಾದ ಮುಂದೆ ಮತ್ತೆ ಮತ್ತೆ ಬಂದು ನಿಲ್ಲುತ್ತಿದ್ದರು. ಹಾಗಾಗಿ 2012ರ ಕಚೇರಿ ಮುಗಿದು ಹೋದ ನಂಟಿನ ನೆನಪಿಗೆ ಕೊಟ್ಟದ್ದಲ್ಲ. ಆ ನಂಟು ಯಾವತ್ತೂ ಮುಗಿದಿರಲೇ ಇಲ್ಲ. ಅವತ್ತು ನುಡಿಸಿದ್ದು ರಷ್ಯಾದ ರಚನಕಾರ ಶೋಸ್ತಕೋವಿಚ್‌ನ ಐದನೇ ಸಿಂಫನಿ. ಸ್ಟಾಲಿನ್ ಕಾಲದ ಭಯದ ನಡುವೆ ಹುಟ್ಟಿದ ಸಂಗೀತ. ಅಧಿಕಾರ ಸಂಗೀತದ ಮೇಲೆ ಹೇಗೆ ಕೂರುತ್ತದೆ ಅನ್ನೋದನ್ನು ಕೋಲು ಹಿಡಿದವರು ಸ್ವತಃ ಕಂಡಿದ್ದರು.

ಲಾಕೌಟ್ ಒಂದು ವರ್ಷಕ್ಕೂ ಜಾಸ್ತಿ ಎಳೆಯಿತು. ಅಂದಿನ ಸಂಗೀತ ನಿರ್ದೇಶಕ ಓಸ್ಮೊ ವ್ಯಾನ್‌ಸ್ಕ ರಾಜೀನಾಮೆ ಕೊಟ್ಟರು. 2014ರ ಜನವರಿಯಲ್ಲಿ ಒಪ್ಪಂದವಾಯಿತು, ಸಂಬಳ ಕಡಿತ ಶೇ 15ಕ್ಕೆ ನಿಂತಿತು. ಫೆಬ್ರವರಿಯಲ್ಲಿ ವಾದಕರು ಆರ್ಕೆಸ್ಟ್ರಾ ಹಾಲ್‌ಗೆ ಮರಳಿದಾಗ ಮೊದಲ ಕಚೇರಿ ನಡೆಸಿದವರು ಸ್ಕ್ರೊವಾಚೆವ್ಸ್ಕಿಯೇ. ಬೀಥೋವನ್‌ನ ‘ಎರೋಯಿಕಾ’ ಸಿಂಫನಿ ಇತ್ತು. ಕೆಲವು ತಿಂಗಳಲ್ಲಿ ವ್ಯಾನ್‌ಸ್ಕ ಕೂಡ ವಾಪಸ್ ಬಂದರು.

2016ರ ಅಕ್ಟೋಬರ್‌ನಲ್ಲಿ ಸ್ಕ್ರೊವಾಚೆವ್ಸ್ಕಿ ಅಲ್ಲಿ ಬ್ರುಕ್ನರ್‌ನ ಎಂಟನೇ ಸಿಂಫನಿ ನಡೆಸಿದರು. ಒಂದು ಗಂಟೆಗೂ ಮೀರಿದ ಕೃತಿ, ಅವರಿಗೆ 93. ಆ ಆರ್ಕೆಸ್ಟ್ರಾ ಜೊತೆ ಅದೇ ಕೊನೆಯದು. 2017ರ ಫೆಬ್ರವರಿ 21ರಂದು ತೀರಿಕೊಂಡರು. ಅವರ ಸಂಗೀತವನ್ನು ಹೊಸದಾಗಿ ಕೇಳುವವರು ಬ್ರುಕ್ನರ್‌ಗೆ ಕೈಹಾಕುವ ಮೊದಲು 1961ರ ಶೋಪೆನ್‌ನ ಮೊದಲ ಪಿಯಾನೊ ಕಾನ್ಸರ್ಟೊ ಧ್ವನಿಮುದ್ರಣ ಹುಡುಕಿ. ಪಿಯಾನೊದಲ್ಲಿ ಆರ್ಥರ್ ರೂಬಿನ್‌ಸ್ಟೈನ್ ಇದ್ದಾರೆ. ಆರ್ಕೆಸ್ಟ್ರಾ ಎಲ್ಲಿ ಹಿಂದೆ ಸರಿಯುತ್ತದೆ, ಎಲ್ಲಿ ಮುಂದೆ ಬರುತ್ತದೆ ಅಂತ ಗಮನಿಸಿ ಕೇಳಿ.