ತೊಳೆದರೂ ಹೋಗದ ವಾಸನೆ: ಹಳೆ ಫ್ಲೇವರ್ ಎಲ್ಲಿ ಕೂತಿರುತ್ತದೆ?

ಫ್ಲೇವರ್ ಕೆಮಿಸ್ಟ್ರಿ ಓದುವಾಗ ನಮ್ಮ ಗುಂಪನ್ನು ಎಡವಿಸಿದ ಪ್ರಶ್ನೆ ಇದು. ವೇಪ್‌ನಲ್ಲಿ, ಅಂದರೆ ಇ-ಸಿಗರೇಟ್‌ನಲ್ಲಿ, ತಂಪು ಕೊಡುವ ಮೆಂಥಾಲ್ ದ್ರವ ಮುಗಿಸಿ ಮಾವಿನ ಫ್ಲೇವರ್ ತುಂಬಿದರೆ, ಮಾವಿನ ಜೊತೆ ಮೆಂಥಾಲ್ ಕೂಡ ಯಾಕೆ ಬರುತ್ತದೆ? 2019ರ ಕಾಯ್ದೆಯಿಂದ ನಮ್ಮ ದೇಶದಲ್ಲಿ ಇ-ಸಿಗರೇಟ್ ತರಿಸುವುದು, ಮಾರುವುದು, ದಾಸ್ತಾನು ಇಡುವುದು ಎಲ್ಲ ನಿಷೇಧ. ಹಾಗಾಗಿ ನಮ್ಮ ಪ್ರಯೋಗವೆಲ್ಲ ದಾವಣಗೆರೆಯ ರೂಮಿನಲ್ಲಿ, ನೀರಿನ ಬಾಟಲಿ ಮತ್ತು ಪುದೀನ ಮಜ್ಜಿಗೆಯಲ್ಲಿ.

ವೇಪ್ ದ್ರವ ಎಂದರೆ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಫ್ಲೇವರ್, ಹೆಚ್ಚಾಗಿ ನಿಕೋಟಿನ್ ಕೂಡ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಹತ್ತಿ ಇದನ್ನು ಎಳೆದು ಕಾದ ತಂತಿ ಸುರುಳಿಗೆ ಕೊಡುತ್ತದೆ.

ಸುಲಭದ್ದು ಮೊದಲು. ಬಾಟಲಿ ತಳದಲ್ಲಿ 10 ಮಿಲಿ ಮಜ್ಜಿಗೆ ಉಳಿದಿದೆ, ತೊಳೆಯಲು 90 ಮಿಲಿ ನೀರಿದೆ ಅಂದುಕೊಳ್ಳಿ. ಎಲ್ಲ ನೀರನ್ನೂ ಒಮ್ಮೆಗೇ ಸುರಿದು, ಕುಲುಕಿ, ಮತ್ತೆ 10 ಮಿಲಿ ಉಳಿಯುವ ಹಾಗೆ ಚೆಲ್ಲಿದರೆ ಹಳೆಯದರಲ್ಲಿ ಹತ್ತನೇ ಒಂದು ಭಾಗ ಉಳಿಯಿತು. ಅದೇ ನೀರನ್ನು 30 ಮಿಲಿಯಂತೆ ಮೂರು ಸಲ ಹಾಕಿ. ಪ್ರತಿ ಸಲ ಕಾಲು ಭಾಗ ಉಳಿಯುತ್ತದೆ, ಕೊನೆಗೆ 64ನೇ ಒಂದು ಭಾಗ. ಲ್ಯಾಬ್‌ನಲ್ಲಿ ಪಿಪೆಟ್ (ದ್ರವ ಅಳೆಯುವ ನಳಿಗೆ) ಅನ್ನು ಸ್ವಲ್ಪ ಸ್ವಲ್ಪ ದ್ರಾವಣದಲ್ಲಿ ಎರಡು ಮೂರು ಸಲ ತೊಳೆಸುವುದು ಇದಕ್ಕೇ. ನಾನು ಎರಡು ವರ್ಷ ಅದನ್ನು ಮೇಷ್ಟ್ರ ಹಟ ಅಂದುಕೊಂಡಿದ್ದೆ.

ಆದರೆ ಈ ಲೆಕ್ಕ ನಡೆಯುವುದು ದ್ರವ ಪೂರ್ತಿ ಬೆರೆತರೆ ಮಾತ್ರ. ಹತ್ತಿಯೊಳಗೆ ಅದು ಬೆರೆಯುವುದಿಲ್ಲ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು. ಆದರೂ ಹಸಿ ಹತ್ತಿ ನೀರಿನ ಮೇಲೆ ತೇಲುವುದನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಎಳೆಯ ಮೇಲೆ ಮೇಣ ಇರುತ್ತದೆ. ಕ್ಷಾರದಲ್ಲಿ ಕುದಿಸಿ ಅದನ್ನು ತೆಗೆದರೆ ಮೆಡಿಕಲ್ ಶಾಪ್‌ನ ಹೀರುವ ಹತ್ತಿ ಸಿಗುತ್ತದೆ. ಹತ್ತಿ ಎಳೆಯ ಸೆಲ್ಯುಲೋಸ್‌ನಲ್ಲೂ ಹೈಡ್ರಾಕ್ಸಿಲ್ ಗುಂಪು (ಆಕ್ಸಿಜನ್-ಹೈಡ್ರೋಜನ್ ಜೋಡಿ), ಗ್ಲಿಸರಿನ್‌ನಲ್ಲೂ ಅದೇ. ಎರಡೂ ಹೈಡ್ರೋಜನ್ ಬಂಧದಲ್ಲಿ ಅಂಟಿಕೊಳ್ಳುತ್ತವೆ. ಅದರ ಮೇಲೆ ಗ್ಲಿಸರಿನ್ ಮಂದ, ರೂಮಿನ ಶಾಖದಲ್ಲಿ ನೀರಿಗಿಂತ ಸಾವಿರ ಪಟ್ಟಿಗೂ ಜಾಸ್ತಿ. ಹೊಸ ದ್ರವ ಬಂದರೂ ಎಳೆಗಳ ನಡುವಿನ ಹಳೆಯದು ಜಾಗ ಬಿಡುವುದಿಲ್ಲ.

ಕುದಿಯುವ ಬಿಂದುಗಳನ್ನೂ ಒಮ್ಮೆ ನೋಡಿಕೊಳ್ಳಿ. ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿ, ಮೆಂಥಾಲ್ ಸುಮಾರು 212, ವೆನಿಲಾ ವಾಸನೆಯ ವೆನಿಲಿನ್ 285. ಎಲ್ಲವೂ ಒಂದೇ ವೇಗದಲ್ಲಿ ಆವಿಯಾಗುವುದಿಲ್ಲ, ಅಲ್ವಾ? ಸಿಹಿಗೆ ಹಾಕುವ ಸುಕ್ರಲೋಸ್ ಅಂತೂ ಬಹುಪಾಲು ಸುರುಳಿಯ ಮೇಲೇ ಕರಕಲಾಗುತ್ತದೆ, ಬಾಣಲೆ ತಳಕ್ಕೆ ಬೆಲ್ಲ ಹತ್ತಿದ ಹಾಗೆ. ಅಲ್ಲಿ ತೊಳೆಯುವ ಮಾತಿಲ್ಲ, ಬತ್ತಿ ಮತ್ತು ಸುರುಳಿ ಬದಲಾಗಬೇಕು.

ಇನ್ನು ನಮ್ಮ ಬಾಟಲಿ. ಸ್ಟೀಲ್‌ನದ್ದು, ಬಿಸಿನೀರು, ಸೋಪು, ಹುಣಸೆಹಣ್ಣು ಎಲ್ಲ ಆಯಿತು. ಆದರೂ ಪುದೀನದ ವಾಸನೆ. ಸುಮ್ನೆ ಸೇಫ್ಟಿ ಪಿನ್‌ನಿಂದ ಮುಚ್ಚಳದ ಸಿಲಿಕೋನ್ ರಿಂಗ್ ಎಬ್ಬಿಸಿ ಮೂಸಿದೆ. ಇಡೀ ಮಜ್ಜಿಗೆ ಅಲ್ಲೇ ಇತ್ತು! ವಾಸನೆಯ ಅಣುಗಳಲ್ಲಿ ಹೆಚ್ಚಿನವು ಎಣ್ಣೆ ಜಾತಿಯವು, ರಬ್ಬರು, ಪ್ಲಾಸ್ಟಿಕ್‌ನೊಳಗೆ ಇಳಿಯುತ್ತವೆ. ಗಾಜು, ಸ್ಟೀಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಂಬಿಕೆ ಬಾರದಿದ್ದರೆ ಕಿತ್ತಳೆ ಸಿಪ್ಪೆಯನ್ನು ಥರ್ಮೋಕೋಲ್ ಮೇಲೆ ಹಿಂಡಿ ನೋಡಿ. ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ತಾಗಿದ ಕಡೆ ಗುಳಿ ಬೀಳುತ್ತದೆ. ವೇಪ್ ಟ್ಯಾಂಕಿನ ಸೀಲ್ ರಿಂಗ್‌ಗಳ ಕತೆಯೂ ಇದೇ.

ಇಲ್ಲೊಂದು ತಪ್ಪು ನಾನೂ ಮಾಡಿದ್ದೆ. ಪುದೀನ ಎಂದರೆ ಮೆಂಥಾಲ್ ಎಂದು ಬರೆದಿಟ್ಟಿದ್ದೆ. ಅಡುಗೆಮನೆಯ ಪುದೀನದಲ್ಲಿ ಸಾಮಾನ್ಯವಾಗಿ ಜಾಸ್ತಿ ಇರುವುದು ಕಾರ್ವೋನ್ ಎಂಬ ಬೇರೆ ವಾಸನೆಯ ಅಣು. ಮೆಂಥಾಲ್ ಬರುವುದು ಬೇರೆ ಮಿಂಟ್ ಗಿಡಗಳಿಂದ. ಅದು ಬರೀ ವಾಸನೆಯಲ್ಲ, ತಂಪನ್ನು ಗುರುತಿಸುವ ಟಿಆರ್‌ಪಿಎಂ8 ಗ್ರಾಹಕವನ್ನೇ (ನರದ ಮೇಲಿನ, ಸಂವೇದನೆ ಹಿಡಿಯುವ ಪ್ರೋಟೀನ್) ತಟ್ಟುತ್ತದೆ. ಮಂಡಕ್ಕಿ ಜೊತೆ ಮಿರ್ಚಿ ತಿಂದು ಬಿಸಿ ಚಹಾ ಕುಡಿದರೆ ಬಾಯಿ ಇನ್ನಷ್ಟು ಉರಿಯುತ್ತದಲ್ಲ, ಅದು ಬಿಸಿ, ಖಾರ ಎರಡನ್ನೂ ಗುರುತಿಸುವ ಟಿಆರ್‌ಪಿವಿ1 ಗ್ರಾಹಕದ ಕೆಲಸ. ಇವುಗಳ ಶೋಧಕ್ಕೆ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಬಂತು, ಪಟಪೂಟಿಯನ್‌ಗೆ ಸ್ಪರ್ಶದ ಕೆಲಸವೂ ಸೇರಿ. ಹಾಗಾಗಿ ಮಾವಿನ ವಾಸನೆ ಮೂಗು ತುಂಬಿದ್ದರೂ ಚೂರು ಮೆಂಥಾಲ್ ಉಳಿದರೆ ಬಾಯಿಗೆ ತಂಪು ತಿಳಿಯುತ್ತದೆ.

ಮೂಗು ಇದಕ್ಕೆ ಉಲ್ಟಾ ಮೋಸ ಮಾಡುತ್ತದೆ. ಒಂದೇ ವಾಸನೆ ಸ್ವಲ್ಪ ಹೊತ್ತು ಇದ್ದರೆ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ತೊಳೆದವರೇ ಪರೀಕ್ಷೆ ಮಾಡಬಾರದು. ನಾನು ರಿಂಗ್ ಕುದಿಸಿ, ಒಂದು ದಿನ ಬಿಸಿಲಿಗಿಟ್ಟು, ಮೂಸಿ, ಪಾಸ್ ಅಂತ ಬರೆದುಕೊಂಡೆ. ಸಂಜೆ ಚಿತ್ರದುರ್ಗದಿಂದ ಬಸ್ಸಿನಲ್ಲಿ ಬಂದ ರೂಮ್‌ಮೇಟ್ ಬ್ಯಾಗ್ ಇಳಿಸಿ, ಬಾಟಲಿ ಮುಚ್ಚಳ ತೆಗೆದ. ಕುಡಿಯಲಿಲ್ಲ. "ಇದ್ರಾಗೆ ಮಜ್ಜಿಗೆ ಇತ್ತೇನಲೇ?" ಅಂದ.